‘ತಡೆಯಾಜ್ಞೆ’ ಪದವನ್ನು ವಾಕ್ಯದಲ್ಲಿ ಸರಿಯಾಗಿ ಬಳಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ದಾವೆ, ಮಧ್ಯಂತರ ಅರ್ಜಿ ಮತ್ತು ಪ್ರಮಾಣಪತ್ರಗಳ (ಅಫಿಡವಿಟ್‌ಗಳ) ಕನ್ನಡ ಕರಡು ಬರೆಯುವುದು, ಇಂಗ್ಲಿಷಿನಲ್ಲಿ ಬಂದ ಆದೇಶಗಳ ತಾತ್ಪರ್ಯವನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಬರೆದುಕೊಡುವುದು ನನ್ನ ಕೆಲಸ. ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಕಾಗದಗಳೂ ನನ್ನ ಮೇಜಿಗೆ ಬರುತ್ತವೆ. ಕಿರಿಯ ವಕೀಲರು, ಗುಮಾಸ್ತರು, ಸ್ಥಳೀಯ ಪತ್ರಿಕೆಗಳ ವರದಿಗಾರರು ಮತ್ತು ಹೊಲದ ತಕರಾರಿನಲ್ಲಿ ಸಿಲುಕಿದ ರೈತರು ಈ ಒಂದು ಪದದ ಬಗ್ಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಇದು ಭಾಷೆಯ ಕುರಿತಾದ ಬರಹವೇ ಹೊರತು ನಿಮ್ಮ ಪ್ರಕರಣಕ್ಕೆ ಕೊಟ್ಟ ಕಾನೂನು ಸಲಹೆಯಲ್ಲ.

ತಡೆಯಾಜ್ಞೆ ಎಂದರೆ ಇಂಜಂಕ್ಷನ್ನೋ, ಸ್ಟೇಯೋ?

ಎರಡೂ ಹೌದು, ತೊಡಕು ಹುಟ್ಟುವುದೂ ಅಲ್ಲಿಯೇ. ಒಬ್ಬ ವ್ಯಕ್ತಿಗೆ ‘ನೀನು ಈ ಕೆಲಸ ಮಾಡಕೂಡದು’ ಎಂದು ನ್ಯಾಯಾಲಯ ಹೇಳಿದರೆ ಅದು ಇಂಜಂಕ್ಷನ್. ಇನ್ನೊಂದು ನ್ಯಾಯಾಲಯದ ಅಥವಾ ಅಧಿಕಾರಿಯ ಆದೇಶವನ್ನೋ, ಅದರ ಅಮಲ್ಜಾರಿಯನ್ನೋ (ಅದನ್ನು ಜಾರಿಗೆ ತರುವುದನ್ನೋ), ನಡೆಯುತ್ತಿರುವ ವಿಚಾರಣೆಯನ್ನೋ ಸದ್ಯಕ್ಕೆ ನಿಲ್ಲಿಸಿದರೆ ಅದು ಸ್ಟೇ. ಮೊದಲನೆಯದಕ್ಕೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ನಿಯಮಗಳ ಒಂದು ಅಧ್ಯಾಯ) 1 ಮತ್ತು 2ನೇ ನಿಯಮಗಳಲ್ಲಿ ಹಾಗೂ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 36ರಿಂದ 42ನೇ ಪ್ರಕರಣಗಳಲ್ಲಿ (ಸೆಕ್ಷನ್‌ಗಳಲ್ಲಿ) ಇದೆ. ಎರಡನೆಯದಕ್ಕೆ, ಮೇಲ್ಮನವಿಯ ಮಟ್ಟಿಗೆ, ಅದೇ ಸಂಹಿತೆಯ 41ನೇ ಆದೇಶದ 5ನೇ ನಿಯಮವನ್ನು ನೋಡಬೇಕು. ಇಂಗ್ಲಿಷಿನಲ್ಲಿ ಪದಗಳೇ ಬೇರೆಯಾದ್ದರಿಂದ ಅಲ್ಲಿ ವಾಕ್ಯ ಸಡಿಲವಾಗಿದ್ದರೂ ಅರ್ಥ ಕೆಡುವುದಿಲ್ಲ. ಕನ್ನಡದಲ್ಲಿ ಒಂದೇ ಪದ ಎರಡೂ ಹೊರೆಯನ್ನು ಹೊತ್ತಿರುವುದರಿಂದ ಅವುಗಳನ್ನು ಬೇರ್ಪಡಿಸುವ ಕೆಲಸವನ್ನು ವಾಕ್ಯವೇ ಮಾಡಬೇಕಾಗುತ್ತದೆ.

ಹಾಗಾದರೆ ವಾಕ್ಯದಲ್ಲಿ ಅವೆರಡನ್ನು ಬೇರ್ಪಡಿಸುವುದು ಹೇಗೆ?

ವಿಭಕ್ತಿ ಪ್ರತ್ಯಯದಿಂದ. ಇಂಜಂಕ್ಷನ್ ಅರ್ಥದಲ್ಲಿ ‘ಯಾರ ವಿರುದ್ಧ’ ಎಂಬುದಕ್ಕೆ ಉತ್ತರವಿರಬೇಕು, ಸ್ಟೇ ಅರ್ಥದಲ್ಲಿ ‘ಯಾವುದಕ್ಕೆ’ ಎಂಬುದಕ್ಕೆ ಉತ್ತರವಿರಬೇಕು. ಈ ಎರಡು ವಾಕ್ಯಗಳನ್ನು ನೋಡಿ:

‘ವಾದಿಯ ಹೊಲಕ್ಕೆ ಪ್ರವೇಶಿಸದಂತೆ ಪ್ರತಿವಾದಿಯ ವಿರುದ್ಧ ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ನೀಡಿದೆ.’

‘ಸಹಾಯಕ ಆಯುಕ್ತರ ಆದೇಶಕ್ಕೆ ಹೈಕೋರ್ಟಿನ ಧಾರವಾಡ ಪೀಠವು ತಡೆಯಾಜ್ಞೆ ನೀಡಿದೆ.’

ಮೊದಲನೆಯದರಲ್ಲಿ ಮನುಷ್ಯನಿದ್ದಾನೆ, ಎರಡನೆಯದರಲ್ಲಿ ಆದೇಶವಿದೆ. ಇದು ವ್ಯಾಕರಣದ ಚಮತ್ಕಾರ ಮಾತ್ರವಲ್ಲ. ಮೂಲರಾಜ್ ವಿರುದ್ಧ ಮೂರ್ತಿ ರಘುನಾಥಜಿ ಮಹಾರಾಜ್ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನೇ ಗುರುತಿಸಿತ್ತು: ಇಂಜಂಕ್ಷನ್ ಸಾಮಾನ್ಯವಾಗಿ ಪಕ್ಷಕಾರನನ್ನು ಉದ್ದೇಶಿಸಿದ್ದು, ಅಮಲ್ಜಾರಿಗೆ ಕೊಡುವ ಸ್ಟೇ ಆ ಅಮಲ್ಜಾರಿಯನ್ನು ನಡೆಸುತ್ತಿರುವ ನ್ಯಾಯಾಲಯವನ್ನು ಉದ್ದೇಶಿಸಿದ್ದು. ನ್ಯಾಯಾಲಯಕ್ಕೆ ಸ್ಟೇಯ ವಿಷಯ ತಿಳಿದ ಕ್ಷಣದಿಂದ ಅದು ಕೈ ತಡೆಯಲೇಬೇಕು. ಯಾರನ್ನು ಉದ್ದೇಶಿಸಿದ ಆಜ್ಞೆ ಎಂಬುದನ್ನು ಕನ್ನಡದಲ್ಲಿ ‘ವಿರುದ್ಧ’ ಮತ್ತು ‘-ಕ್ಕೆ’ ಎಂಬ ಎರಡು ಚಿಕ್ಕ ಗುರುತುಗಳು ತೋರಿಸಿಕೊಡುತ್ತವೆ. ಅವುಗಳನ್ನು ಬಿಟ್ಟು ‘ಪ್ರಕರಣದಲ್ಲಿ ತಡೆಯಾಜ್ಞೆ ಬಂದಿದೆ’ ಎಂದು ಬರೆದವರು ಓದುಗನಿಗೆ ಏನನ್ನೂ ಹೇಳಿದಂತಾಗಲಿಲ್ಲ.

ನಿರ್ಬಂಧಕಾಜ್ಞೆ, ಪ್ರತಿಬಂಧಕಾಜ್ಞೆ, ವ್ಯಾದೇಶ: ಇವು ಬೇರೆ ಬೇರೆಯೇ?

ಮೂರೂ ಇಂಜಂಕ್ಷನ್ನಿಗೆ ಕೊಟ್ಟ ಹೆಸರುಗಳು. ದಾವೆಗಳಲ್ಲಿ ‘ಶಾಶ್ವತ ನಿರ್ಬಂಧಕಾಜ್ಞೆ’ ಎಂಬುದು ಬೇರೂರಿದೆ. ‘ವ್ಯಾದೇಶ’ ನಿಘಂಟಿನಲ್ಲಿ ಗೌರವದಿಂದ ಕುಳಿತಿದೆ, ಆದರೆ ನಾನು ಕಂಡ ಯಾವ ಕಕ್ಷಿದಾರನೂ ಆ ಪದವನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ನನ್ನ ರೂಢಿ ಇಷ್ಟೇ: ನ್ಯಾಯಾಲಯಕ್ಕೆ ಸಲ್ಲಿಸುವ ಕಾಗದದಲ್ಲಿ ಇಂಜಂಕ್ಷನ್ನಿಗೆ ‘ನಿರ್ಬಂಧಕಾಜ್ಞೆ’, ಸ್ಟೇಗೆ ‘ತಡೆಯಾಜ್ಞೆ’ ಅಥವಾ ಬರಿಯ ‘ತಡೆ’, ಪತ್ರಿಕೆಗೆ ಅಥವಾ ಸಾಮಾನ್ಯ ಓದುಗರಿಗೆ ಬರೆಯುವಾಗ ಎರಡಕ್ಕೂ ‘ತಡೆಯಾಜ್ಞೆ’, ಆದರೆ ಮೇಲೆ ಹೇಳಿದ ಪ್ರತ್ಯಯಗಳೊಂದಿಗೆ. ಯಾವುದನ್ನು ಆರಿಸಿಕೊಂಡರೂ ಒಂದೇ ಕಾಗದದ ಒಳಗೆ ಬದಲಾಯಿಸಬೇಡಿ. ಮೊದಲ ಪುಟದಲ್ಲಿ ನಿರ್ಬಂಧಕಾಜ್ಞೆ, ಮೂರನೆಯ ಪುಟದಲ್ಲಿ ಪ್ರತಿಬಂಧಕಾಜ್ಞೆ ಎಂದಿದ್ದರೆ ಎರಡು ಆಜ್ಞೆಗಳಿವೆಯೇನೋ ಎಂದು ಓದುವವರು ಪುಟ ಮಗುಚಿ ಹುಡುಕುತ್ತಾರೆ.

ರಾಯಚೂರಿನ ಹಿರಿಯರು ‘ಹುಕುಂ’ ಎನ್ನುತ್ತಾರೆ, ಬಳ್ಳಾರಿಯವರು ‘ಇಂಜಕ್ಷನ್’ ಎನ್ನುತ್ತಾರೆ. ಯಾವುದು ಸರಿ?

ಎರಡೂ ಅವರವರ ಇತಿಹಾಸದ ಗುರುತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿತ್ತು, ಆದ್ದರಿಂದ ಇಲ್ಲಿಯ ನ್ಯಾಯಾಲಯದ ಮಾತಿಗೆ ಇಂಗ್ಲಿಷಿನ ಬಣ್ಣ ಹತ್ತಿದೆ: ಸೂಟು, ಪ್ಲೇಂಟು, ಡಿಕ್ರಿ, ಇಂಜಕ್ಷನ್. ರಾಯಚೂರು ಮತ್ತು ಆಗ ಅದರೊಳಗೇ ಇದ್ದ ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಹುಕುಂ, ಜಪ್ತಿ, ಅಮೀನ, ಮುನ್ಸಿಫ್, ಫೈಸಲಾ ಮುಂತಾದವು ಆ ಕಡೆಯ ಮಾತಿನಲ್ಲಿ ಗಟ್ಟಿಯಾಗಿ ಉಳಿದವು. ತೊಂದರೆ ಏನೆಂದರೆ, ‘ಹುಕುಂ’ ಎಂಬುದು ಯಾವುದೇ ಆದೇಶವಾಗಬಹುದು. ‘ಕೋರ್ಟಿನಿಂದ ಹುಕುಂ ಆಗ್ಯಾದ’ ಎಂದು ಮಾನ್ವಿಯ ಮುದುಕರೊಬ್ಬರು ಹೇಳಿದರೆ ಆ ಹುಕುಂ ಅವರ ಪರವೋ ವಿರುದ್ಧವೋ ಎಂಬುದನ್ನು ಪ್ರತಿ ನೋಡದೆ ಹೇಳಲಾಗದು. ‘ಇಂಜಕ್ಷನ್’ ಎಂಬುದರ ತೊಂದರೆ ಬೇರೆ ಬಗೆಯದು, ಸೂಜಿಮದ್ದಿಗೂ ಅದೇ ಉಚ್ಚಾರಣೆ. ಬರಹದಲ್ಲಿ ಇಂಗ್ಲಿಷ್ ಪದವನ್ನೇ ಬಳಸಬೇಕೆಂದಿದ್ದರೆ ‘ಇಂಜಂಕ್ಷನ್’ ಎಂದು ಅನುಸ್ವಾರವಿಟ್ಟು ಬರೆಯಿರಿ.

‘ಹೊಲದ ಮೇಲೆ ಸ್ಟೇ ಇದೆ’ ಎಂಬ ವಾಕ್ಯ ಸರಿಯೇ?

ಮಾತಿನಲ್ಲಿ ಅದು ಉಳಿಯಲಿ, ಬರಹದಲ್ಲಿ ಬೇಡ. ‘ಹೊಲದ ಮ್ಯಾಲೆ ಸ್ಟೇ ತಂದಾರ’ ಎಂದು ಕೊಪ್ಪಳದ ರೈತ ಹೇಳುವಾಗ ಅವನ ಮನಸ್ಸಿನಲ್ಲಿ ಆಜ್ಞೆ ಮಣ್ಣಿಗೆ ಅಂಟಿಕೊಂಡಿರುತ್ತದೆ, ಯಾರು ಕಾಲಿಟ್ಟರೂ ತಗಲುತ್ತದೆ. ಕಾನೂನಿನ ಕಣ್ಣಿನಲ್ಲಿ ಆಜ್ಞೆ ಇರುವುದು ಮನುಷ್ಯರ ವಿರುದ್ಧ. ಪಹಣಿಯ 11ನೇ ಕಾಲಮಿನಲ್ಲಿ ನ್ಯಾಯಾಲಯದ ಆದೇಶವನ್ನು ನಮೂದಿಸುವುದರಿಂದ ಈ ತಿಳಿವಳಿಕೆ ಇನ್ನಷ್ಟು ಬಲವಾಗಿದೆ. ಆ ನಮೂದು ನೋಡಿದವರು ಹೊಲವನ್ನೇ ಯಾರೋ ಕಟ್ಟಿಹಾಕಿದ್ದಾರೆಂದು ಭಾವಿಸುತ್ತಾರೆ. ಬರೆಯುವಾಗ ‘ಸದರಿ ಜಮೀನನ್ನು ಪರಭಾರೆ ಮಾಡದಂತೆ ಒಂದನೇ ಪ್ರತಿವಾದಿಯ ವಿರುದ್ಧ ತಡೆಯಾಜ್ಞೆ ಇದೆ’ ಎನ್ನಿರಿ. ಆಗ ಯಾರು, ಏನು ಮಾಡಕೂಡದು ಎಂಬ ಎರಡೂ ತಿಳಿಯುತ್ತವೆ. ಎರಡನೇ ಪ್ರತಿವಾದಿಗೆ ಆ ಆಜ್ಞೆ ಅನ್ವಯಿಸುವುದಿಲ್ಲ ಎಂಬುದೂ ಹೇಳದೆಯೇ ತಿಳಿಯುತ್ತದೆ.

‘ಮಾಡದಂತೆ ತಡೆಯಾಜ್ಞೆ’ ಎನ್ನಬೇಕೋ, ‘ಮಾಡುವುದಕ್ಕೆ ತಡೆಯಾಜ್ಞೆ’ ಎನ್ನಬೇಕೋ?

ಎರಡೂ ಶುದ್ಧ ಕನ್ನಡ, ಎರಡರ ಅರ್ಥವೂ ಒಂದೇ. ಕನ್ನಡದಲ್ಲಿ ‘ಬರುವುದನ್ನು ತಡೆದ’ ಎಂದರೂ ‘ಬರದಂತೆ ತಡೆದ’ ಎಂದರೂ ಬರವು ನಿಂತಿತೆಂದೇ ಅರ್ಥ. ‘-ದಂತೆ’ ಎಂಬ ನಿಷೇಧರೂಪ ತಡೆಯ ಫಲವನ್ನು ಹೇಳುತ್ತದೆಯೇ ಹೊರತು ತಡೆಯ ವಸ್ತುವನ್ನಲ್ಲ. ಆದರೆ ಈ ಎರಡು ದಾರಿಗಳನ್ನು ಬೆರೆಸಿದರೆ ವಾಕ್ಯ ತಲೆಕೆಳಗಾಗುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಸಿರುಗುಪ್ಪ ತಾಲ್ಲೂಕಿನ ರೈತರೊಬ್ಬರ ಮಧ್ಯಂತರ ಅರ್ಜಿಯನ್ನು ರಾತ್ರಿ ಕುಳಿತು ಬರೆದಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದರು, ಅವರ ಮಡಿಯಲ್ಲಿ ಸಸಿ ಗೇಣುದ್ದ ಬೆಳೆದಿತ್ತು, ಪಕ್ಕದ ಹೊಲದವರು ನಾಟಿ ಮಾಡಲು ಬಿಡುತ್ತಿರಲಿಲ್ಲ. ಅರ್ಜಿಯ ಪ್ರಾರ್ಥನೆಯನ್ನು ನಾನು ಹೀಗೆ ಬರೆದಿದ್ದೆ: ‘ವಾದಿಯ ಶಾಂತಿಯುತ ಸ್ವಾಧೀನಾನುಭವಕ್ಕೆ ಪ್ರತಿವಾದಿಯು ಅಡ್ಡಿ ಆತಂಕ ಮಾಡದಿರುವುದನ್ನು ತಡೆದು ತಾತ್ಕಾಲಿಕ ನಿರ್ಬಂಧಕಾಜ್ಞೆ ನೀಡಬೇಕು.’ ಎದುರು ಪಕ್ಷದ ವಕೀಲರು ಎದ್ದು ನಿಂತು ಆ ಸಾಲನ್ನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದರು. ‘ನಮ್ಮ ಕಕ್ಷಿದಾರರು ಅಡ್ಡಿ ಮಾಡದೆ ಸುಮ್ಮನಿರುವುದನ್ನು ತಡೆಯಬೇಕಂತೆ, ಅಂದರೆ ಅಡ್ಡಿ ಮಾಡಲೇಬೇಕಂತೆ, ಇದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ’ ಎಂದರು. ಹಿಂದಿನ ಬೆಂಚಿನವರೆಲ್ಲ ನಕ್ಕರು. ತಿದ್ದುಪಡಿಗೆ ಮುಂದಿನ ವಾರದ ದಿನಾಂಕ ಸಿಕ್ಕಿತು. ಹೊರಗೆ ಬಂದ ಮೇಲೆ ಆ ರೈತರು ಬೈಯಲಿಲ್ಲ, ‘ಸಸಿ ಬಲೀತಾವ್ರೀ’ ಎಂದಷ್ಟೇ ಅಂದರು.

ಅಂದಿನಿಂದ ‘-ದಿರುವುದನ್ನು ತಡೆ’, ‘-ದಿರುವುದಕ್ಕೆ ತಡೆಯಾಜ್ಞೆ’ ಎಂಬ ರೂಪಗಳು ಕರಡಿನಲ್ಲಿ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತೇನೆ. ಬರೆದ ವಾಕ್ಯವನ್ನು ಪರೀಕ್ಷಿಸಲು ಒಂದು ಉಪಾಯವಿದೆ: ‘ತಡೆಯಾಜ್ಞೆ’ ಪದವನ್ನು ತೆಗೆದು ಅಲ್ಲಿ ‘ಕೈ ಹಿಡಿದು ನಿಲ್ಲಿಸಿದರು’ ಎಂದು ಇಟ್ಟು ಓದಿ. ‘ಗೋಡೆ ಕಟ್ಟುವುದನ್ನು ಕೈ ಹಿಡಿದು ನಿಲ್ಲಿಸಿದರು’, ‘ಗೋಡೆ ಕಟ್ಟದಂತೆ ಕೈ ಹಿಡಿದು ನಿಲ್ಲಿಸಿದರು’ ಎರಡೂ ನಿಲ್ಲುತ್ತವೆ. ‘ಗೋಡೆ ಕಟ್ಟದಿರುವುದನ್ನು ಕೈ ಹಿಡಿದು ನಿಲ್ಲಿಸಿದರು’ ಎಂಬುದು ನಿಲ್ಲುವುದಿಲ್ಲ.

‘ಗೋಡೆಯನ್ನು ತೆರವುಗೊಳಿಸುವಂತೆ ತಡೆಯಾಜ್ಞೆ’ ಎಂದು ಬರೆಯಬಹುದೇ?

ಬರೆಯಬಾರದು. ಒಂದು ಕೆಲಸವನ್ನು ಮಾಡಲೇಬೇಕೆಂದು ವಿಧಿಸುವ ಆಜ್ಞೆಯೂ ನಿರ್ದಿಷ್ಟ ಪರಿಹಾರ ಅಧಿನಿಯಮದ 39ನೇ ಪ್ರಕರಣದಲ್ಲಿದೆ, ಇಂಗ್ಲಿಷಿನಲ್ಲಿ ಅದೂ ಇಂಜಂಕ್ಷನ್ನೇ. ಕನ್ನಡದಲ್ಲಿ ‘ಮಾಡುವಂತೆ’ ಮತ್ತು ‘ತಡೆ’ ಒಂದೇ ವಾಕ್ಯದಲ್ಲಿ ಜಗಳವಾಡುತ್ತವೆ. ಅಲ್ಲಿ ‘ಆಜ್ಞಾಪಕ ನಿರ್ಬಂಧಕಾಜ್ಞೆ’ ಎಂದು ಬರೆಯುವ ರೂಢಿಯಿದೆ; ಸಾಮಾನ್ಯ ಓದುಗರಿಗಾದರೆ ‘ಗೋಡೆಯನ್ನು ತೆರವುಗೊಳಿಸುವಂತೆ ನ್ಯಾಯಾಲಯ ಆದೇಶಿಸಿದೆ’ ಎಂದರೆ ಸಾಕು.

ತಡೆಯಾಜ್ಞೆಯೊಂದಿಗೆ ಯಾವ ಕ್ರಿಯಾಪದ ಬಳಸಬೇಕು?

ಕರ್ತೃ ಯಾರೆಂಬುದನ್ನು ನೋಡಿ. ನ್ಯಾಯಾಲಯವು ತಡೆಯಾಜ್ಞೆಯನ್ನು ನೀಡುತ್ತದೆ, ಹೊರಡಿಸುತ್ತದೆ, ಮುಂದುವರಿಸುತ್ತದೆ, ಮಾರ್ಪಡಿಸುತ್ತದೆ, ತೆರವುಗೊಳಿಸುತ್ತದೆ. ಪಕ್ಷಕಾರನು ತಡೆಯಾಜ್ಞೆ ಕೋರುತ್ತಾನೆ, ಪಡೆಯುತ್ತಾನೆ, ಆಡುಮಾತಿನಲ್ಲಿ ‘ತರುತ್ತಾನೆ’. ಎದುರಾಳಿಯು ಅದನ್ನು ಪಾಲಿಸುತ್ತಾನೆ ಅಥವಾ ಉಲ್ಲಂಘಿಸುತ್ತಾನೆ. ‘ವಾದಿಯು ತಡೆಯಾಜ್ಞೆ ನೀಡಿದ್ದಾನೆ’ ಎಂಬ ಸಾಲನ್ನು ನಾನು ಮುದ್ರಿತ ವರದಿಯಲ್ಲೇ ಓದಿದ್ದೇನೆ. ವಾದಿ ಕೊಡಬಲ್ಲದ್ದು ಅರ್ಜಿ ಮಾತ್ರ. ‘ತಡೆಯಾಜ್ಞೆ ವಿಧಿಸಿದೆ’ ಎಂಬುದು ತಪ್ಪಲ್ಲವಾದರೂ ದಂಡ, ಶಿಕ್ಷೆ, ಷರತ್ತುಗಳಿಗೆ ಒಗ್ಗಿದ ಕ್ರಿಯಾಪದವನ್ನು ಇಲ್ಲಿಗೆ ಎಳೆದು ತರುವ ಅಗತ್ಯವಿಲ್ಲ.

ಷಷ್ಠಿಯ ಬಗ್ಗೆಯೂ ಒಂದು ಎಚ್ಚರಿಕೆ. ‘ಪ್ರತಿವಾದಿಯ ತಡೆಯಾಜ್ಞೆ’ ಎಂದರೆ ಅವನು ಪಡೆದದ್ದೋ ಅವನ ವಿರುದ್ಧ ಬಂದದ್ದೋ ತಿಳಿಯದು. ‘ಪ್ರತಿವಾದಿ ಪಡೆದ ತಡೆಯಾಜ್ಞೆ’, ‘ಪ್ರತಿವಾದಿಯ ವಿರುದ್ಧದ ತಡೆಯಾಜ್ಞೆ’ ಎಂದು ಬಿಡಿಸಿ ಬರೆಯುವುದಕ್ಕೆ ಒಂದೇ ಪದ ಹೆಚ್ಚು ಬೇಕು.

ತೆರವು, ರದ್ದು, ವಜಾ: ಯಾವಾಗ ಯಾವುದು?

ಅರ್ಜಿ ವಜಾ ಆಗುತ್ತದೆ, ತಡೆಯಾಜ್ಞೆ ತೆರವಾಗುತ್ತದೆ, ಮೂಲ ಆದೇಶ ರದ್ದಾಗುತ್ತದೆ. ‘ತಡೆಯಾಜ್ಞೆ ವಜಾ’ ಎಂಬ ತಲೆಬರಹ ನೋಡಿದವರಿಗೆ ಇದ್ದ ತಡೆಯಾಜ್ಞೆ ಹೋಯಿತೋ, ಕೇಳಿದ ತಡೆಯಾಜ್ಞೆ ಸಿಗಲಿಲ್ಲವೋ ಗೊತ್ತಾಗುವುದಿಲ್ಲ. ಒಂದರಲ್ಲಿ ನಿನ್ನೆಯವರೆಗೆ ಅಡ್ಡಿಯಿತ್ತು, ಇನ್ನೊಂದರಲ್ಲಿ ಎಂದೂ ಇರಲಿಲ್ಲ. ಸಿಗದಿದ್ದರೆ ‘ತಡೆಯಾಜ್ಞೆ ನೀಡಲು ನ್ಯಾಯಾಲಯ ನಿರಾಕರಿಸಿತು’ ಅಥವಾ ‘ತಡೆಯಾಜ್ಞೆ ಕೋರಿದ್ದ ಅರ್ಜಿ ವಜಾಗೊಂಡಿತು’ ಎನ್ನಿರಿ.

ಒಂದು ಆದೇಶಕ್ಕೆ ತಡೆ ಬಂದರೆ ಅದು ರದ್ದಾದಂತೆಯೇ ಅಲ್ಲವೇ?

ಅಲ್ಲ. ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ರದ್ದಾದರೆ ಆ ಆದೇಶ ಹುಟ್ಟುವ ಮೊದಲಿನ ಸ್ಥಿತಿ ಮರಳುತ್ತದೆ, ತಡೆ ಬಂದರೆ ತಡೆ ಬಂದ ದಿನದಿಂದ ಆ ಆದೇಶ ಕೆಲಸ ಮಾಡುವುದಿಲ್ಲವೇ ಹೊರತು ಅದರ ಅಸ್ತಿತ್ವ ಅಳಿಸಿಹೋಗುವುದಿಲ್ಲ. ಆದ್ದರಿಂದ ‘ಹೈಕೋರ್ಟ್ ತಡೆಯಾಜ್ಞೆ ನೀಡಿ ಸಹಾಯಕ ಆಯುಕ್ತರ ಆದೇಶವನ್ನು ತಳ್ಳಿಹಾಕಿತು’ ಎಂಬ ವಾಕ್ಯದ ಮೊದಲರ್ಧವೂ ಎರಡನೆಯ ಅರ್ಧವೂ ಒಟ್ಟಿಗೆ ಬಾಳಲಾರವು.

ನಮ್ಮ ಜಿಲ್ಲೆಯವರಿಗೆ ಇದನ್ನು ಗಣಿಗಳ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಆದೇಶಿಸಿತು. ಅಂದು ಸಂಡೂರಿನ ರಸ್ತೆಯಲ್ಲಿ ಲಾರಿಗಳು ನಿಂತವು, ಆದರೆ ಗುತ್ತಿಗೆಗಳು ಕಾಗದದಲ್ಲಿ ಉಳಿದಿದ್ದವು. ಅದು ಸ್ಥಗಿತ. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗವಾಗಿ ವಿಂಗಡಿಸಲಾಗಿತ್ತು; 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಎ’ ಮತ್ತು ‘ಬಿ’ ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ಮತ್ತೆ ತೆರೆಯಲು ಅವಕಾಶ ಸಿಕ್ಕಿತು, ‘ಸಿ’ ವರ್ಗದ ಗುತ್ತಿಗೆಗಳು ಇಲ್ಲವಾದವು. ಇದು ರದ್ದು. ‘2011ರಲ್ಲಿ ಗಣಿಗಳನ್ನು ರದ್ದು ಮಾಡಿದರು’ ಎಂದು ಈಗಲೂ ಬರೆಯುವವರಿದ್ದಾರೆ. ಎರಡು ವರ್ಷಗಳ ಅಂತರವನ್ನೂ ಎರಡು ಬೇರೆ ಪರಿಣಾಮಗಳನ್ನೂ ಒಂದೇ ಕ್ರಿಯಾಪದದಲ್ಲಿ ನುಂಗಿಬಿಟ್ಟ ವಾಕ್ಯ ಅದು.

ಮೇಲ್ಮನವಿ ಸಲ್ಲಿಸಿದ ಕೂಡಲೇ ‘ಡಿಕ್ರಿಗೆ ತಡೆ ಇದೆ’ ಎಂದು ಬರೆಯಬಹುದೇ?

ಇಲ್ಲ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಗೆ (ದಾವೆಯ ಕೊನೆಯ ತೀರ್ಮಾನಕ್ಕೆ) ತಡೆ ಹುಟ್ಟುವುದಿಲ್ಲವೆಂದು 41ನೇ ಆದೇಶದ 5ನೇ ನಿಯಮವೇ ಹೇಳುತ್ತದೆ. ‘ಮೇಲ್ಮನವಿ ಸಲ್ಲಿಸಲಾಗಿದೆ, ತಡೆಯಾಜ್ಞೆ ಕೋರಲಾಗಿದೆ’ ಎಂಬುದು ನಿಜವಿದ್ದರೆ ಅಷ್ಟನ್ನೇ ಬರೆಯಿರಿ.

ತಾತ್ಕಾಲಿಕ, ಮಧ್ಯಂತರ, ಏಕಪಕ್ಷೀಯ, ಶಾಶ್ವತ: ಈ ವಿಶೇಷಣಗಳನ್ನು ಹೇಗೆ ಬಳಸಬೇಕು?

ತಾತ್ಕಾಲಿಕ ನಿರ್ಬಂಧಕಾಜ್ಞೆ ದಾವೆ ಮುಗಿಯುವವರೆಗೆ ಅಥವಾ ನ್ಯಾಯಾಲಯ ಹೇಳಿದ ಅವಧಿಯವರೆಗೆ ಇರುತ್ತದೆ. ಶಾಶ್ವತ ನಿರ್ಬಂಧಕಾಜ್ಞೆ ಸಿಗುವುದು ದಾವೆಯ ಕೊನೆಯಲ್ಲಿ, ಡಿಕ್ರಿಯ ಮೂಲಕ. ಹೀಗಾಗಿ ‘ದಾವೆ ಹೂಡಿದ ದಿನವೇ ಶಾಶ್ವತ ನಿರ್ಬಂಧಕಾಜ್ಞೆ ದೊರೆಯಿತು’ ಎಂಬ ವಾಕ್ಯ ಅಸಾಧ್ಯವಾದುದು, ಆ ದಿನ ದೊರೆಯಬಹುದಾದದ್ದು ಏಕಪಕ್ಷೀಯ ತಾತ್ಕಾಲಿಕ ಆಜ್ಞೆ. ‘ಏಕಪಕ್ಷೀಯ’ ಎಂದರೆ ಪಕ್ಷಪಾತದ್ದು ಎಂದು ಅನೇಕ ಕಕ್ಷಿದಾರರು ತಿಳಿದು ಸಿಟ್ಟಾಗುತ್ತಾರೆ. ಎದುರಾಳಿಯ ಮಾತು ಕೇಳುವ ಮೊದಲು ನೀಡಿದ್ದು ಎಂದಷ್ಟೇ ಅದರ ಅರ್ಥ. 39ನೇ ಆದೇಶದ 3ನೇ ನಿಯಮದಂತೆ ಸಾಮಾನ್ಯವಾಗಿ ಎದುರಾಳಿಗೆ ಮೊದಲು ನೋಟಿಸು ಕೊಡಬೇಕು, ತಡಮಾಡಿದರೆ ಉದ್ದೇಶವೇ ಕೆಡುವಂತಿದ್ದರೆ ಮಾತ್ರ ಕಾರಣ ಬರೆದು ಹಾಗೆಯೇ ಆಜ್ಞೆ ನೀಡಬಹುದು. ಅಂಥ ಅರ್ಜಿಯನ್ನು 30 ದಿನಗಳೊಳಗೆ ಅಂತಿಮವಾಗಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು 3ಎ ನಿಯಮ ಹೇಳುತ್ತದೆ. ಬರೆಯುವಾಗ ‘ಎದುರಾಳಿಯನ್ನು ಕೇಳುವ ಮೊದಲು ನೀಡಿದ’ ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ‘ಏಕಪಕ್ಷೀಯ’ ಎಂದರೆ ಯಾರಿಗೂ ಸಿಟ್ಟು ಬರದು.

‘ಮಧ್ಯಂತರ’ ಎಂಬುದು ಇವೆಲ್ಲಕ್ಕೂ ಹೊದಿಸಬಹುದಾದ ಕಂಬಳಿ. ಹೈಕೋರ್ಟಿನ ಸುದ್ದಿಯಲ್ಲಿ ‘ಮಧ್ಯಂತರ ತಡೆಯಾಜ್ಞೆ’ ಎಂದರೆ ಅರ್ಜಿ ಇತ್ಯರ್ಥವಾಗುವ ಮೊದಲಿನ ತಡೆ ಎಂದು ಎಲ್ಲರಿಗೂ ಗೊತ್ತು.

ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿಯೇ ಮುಗಿಯುತ್ತದೆಂದು ಬರೆದಿದ್ದೆ. ಸರಿಯೇ?

ಈಗ ಸರಿಯಲ್ಲ. 2018ರ ಒಂದು ತೀರ್ಪಿನಿಂದಾಗಿ ವಿಚಾರಣೆಗಳಿಗೆ ಕೊಟ್ಟ ತಡೆ, ಕಾರಣಸಹಿತವಾಗಿ ವಿಸ್ತರಿಸದಿದ್ದರೆ, ಆರು ತಿಂಗಳಿಗೆ ತಾನಾಗಿ ತೆರವಾಗುತ್ತದೆಂಬ ನಿಯಮ ಚಾಲ್ತಿಗೆ ಬಂದಿತ್ತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ತೆಗೆದುಹಾಕಿತು. ಅವಧಿಯನ್ನು ಹೇಳುವಾಗ ಆದೇಶದಲ್ಲಿರುವ ಮಾತನ್ನೇ ಇಡಿ: ‘ಮುಂದಿನ ವಿಚಾರಣೆಯ ದಿನಾಂಕದವರೆಗೆ’ ಮತ್ತು ‘ಮುಂದಿನ ಆದೇಶದವರೆಗೆ’ ಎಂಬವು ಒಂದೇ ಅಲ್ಲ. ಮೊದಲನೆಯದಕ್ಕೆ ದಿನಾಂಕವಿದೆ, ಆ ದಿನ ಅದನ್ನು ಮುಂದುವರಿಸದಿದ್ದರೆ ಕಥೆ ಮುಗಿಯಿತು. ಎರಡನೆಯದು ಇನ್ನೊಂದು ಆದೇಶ ಬರುವ ತನಕ ಉಸಿರಾಡುತ್ತದೆ.

‘ಯಥಾಸ್ಥಿತಿ’ ಎಂದರೂ ತಡೆಯಾಜ್ಞೆಯೇ?

ಹತ್ತಿರದ ನೆಂಟ. ‘ಉಭಯ ಪಕ್ಷಗಳು ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು’ ಎಂಬುದು ಇಬ್ಬರಿಗೂ ಹೇಳಿದ ಮಾತು, ತಡೆಯಾಜ್ಞೆ ಸಾಮಾನ್ಯವಾಗಿ ಒಬ್ಬರ ವಿರುದ್ಧ. ಆದ್ದರಿಂದ ಯಥಾಸ್ಥಿತಿಯ ಆದೇಶ ಬಂದಾಗ ‘ನಮಗೆ ತಡೆಯಾಜ್ಞೆ ಸಿಕ್ಕಿದೆ’ ಎಂದು ಒಂದು ಪಕ್ಷದವರು ಸಿಹಿ ಹಂಚಿದರೆ ಅದು ಅವಸರ. ಯಾವ ದಿನದ ಸ್ಥಿತಿ, ಯಾವುದರ ಸ್ಥಿತಿ ಎಂಬುದನ್ನೂ ಬರೆಯಬೇಕು: ಸ್ವಾಧೀನದ್ದೋ, ಕಟ್ಟಡದ್ದೋ, ಖಾತೆಯದ್ದೋ?

ಜಿಲ್ಲಾಧಿಕಾರಿ ಹೊರಡಿಸುವ ನಿಷೇಧಾಜ್ಞೆಯನ್ನು ತಡೆಯಾಜ್ಞೆ ಎನ್ನಬಹುದೇ?

ಎನ್ನಬಾರದು. ನಿಷೇಧಾಜ್ಞೆಯನ್ನು ಹೊರಡಿಸುವವರು ಜಿಲ್ಲಾ ದಂಡಾಧಿಕಾರಿ ಅಥವಾ ಇತರ ಕಾರ್ಯಪಾಲಕ ದಂಡಾಧಿಕಾರಿಗಳು, ಸಿವಿಲ್ ನ್ಯಾಯಾಲಯವಲ್ಲ. ಹಿಂದೆ ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಪ್ರಕರಣ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಪ್ರಕರಣ. ಅದರ ಆಯುಷ್ಯ ಎರಡು ತಿಂಗಳು, ರಾಜ್ಯ ಸರ್ಕಾರ ಬೇಕೆಂದರೆ ಮತ್ತೆ ಆರು ತಿಂಗಳವರೆಗೆ ವಿಸ್ತರಿಸಬಹುದು. ‘ಪರೀಕ್ಷಾ ಕೇಂದ್ರಗಳ ಸುತ್ತಲಿನ 200 ಮೀಟರ್ ವ್ಯಾಪ್ತಿಯಲ್ಲಿ ನಿಷೇಧಾಜ್ಞೆ ಜಾರಿಗೊಳಿಸಲಾಗಿದೆ’ ಎಂಬ ಪ್ರಕಟಣೆಯಲ್ಲಿ ‘ವ್ಯಾಪ್ತಿಯಲ್ಲಿ’ ಎಂಬ ಸಪ್ತಮಿ ಸಹಜವಾಗಿದೆ, ಏಕೆಂದರೆ ಅದು ಜಾಗಕ್ಕೆ ಹಾಕಿದ ಬೇಲಿ. ತಡೆಯಾಜ್ಞೆಗೆ ಆ ಸಪ್ತಮಿ ಹೊಂದುವುದಿಲ್ಲ. ಹೊಸ ಕಾನೂನು ಬಂದ ಮೇಲೂ ಜನರ ಬಾಯಲ್ಲಿ ‘ಒನ್ ಫಾರ್ಟಿಫೋರ್ ಹಾಕ್ಯಾರ’ ಎಂಬುದೇ ಉಳಿದಿದೆ, ಅದನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ.

ಕೇವಿಯಟ್ ಹಾಕಿದರೆ ತಡೆಯಾಜ್ಞೆ ತಂದಂತೆಯೇ?

ಇಲ್ಲ. ನನ್ನನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಮುನ್ಸೂಚನೆ ಅದು, ಸಂಹಿತೆಯ 148ಎ ಪ್ರಕರಣದಂತೆ 90 ದಿನ ಬಾಳುತ್ತದೆ.

ತಡೆಯಾಜ್ಞೆಯನ್ನು ಮೀರಿದವರ ಬಗ್ಗೆ ಬರೆಯುವಾಗ ‘ನ್ಯಾಯಾಂಗ ನಿಂದನೆ’ ಎನ್ನಬೇಕೇ?

ಮೊದಲು ‘ಉಲ್ಲಂಘನೆ’ ಎನ್ನಿರಿ. ತಾತ್ಕಾಲಿಕ ನಿರ್ಬಂಧಕಾಜ್ಞೆಯನ್ನು ಮೀರಿದವನ ಸ್ವತ್ತನ್ನು ಜಪ್ತಿ ಮಾಡಲು ಮತ್ತು ಅವನನ್ನು ಮೂರು ತಿಂಗಳಿಗೆ ಮೀರದಂತೆ ಸಿವಿಲ್ ಬಂಧನದಲ್ಲಿಡಲು 39ನೇ ಆದೇಶದ 2ಎ ನಿಯಮದಲ್ಲೇ ಅವಕಾಶವಿದೆ. 1971ರ ನ್ಯಾಯಾಂಗ ನಿಂದನೆ ಅಧಿನಿಯಮದ ದಾರಿ ಬೇರೆ. ‘ನಿಂದನೆ’ ಎಂಬ ಅನುವಾದವೇ ಸ್ವಲ್ಪ ದಾರಿ ತಪ್ಪಿಸುತ್ತದೆ: ಕನ್ನಡದಲ್ಲಿ ನಿಂದಿಸುವುದೆಂದರೆ ಬೈಯುವುದು. ಆಜ್ಞೆಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿ ಬದು ಒಡೆದವನು ಯಾರನ್ನೂ ಬೈದಿರುವುದಿಲ್ಲ. ‘ನಾನು ಸಾಹೇಬರಿಗೆ ಏನೂ ಅಂದಿಲ್ಲ’ ಎಂದು ಒಬ್ಬರು ನಿಜವಾಗಿಯೂ ಕಕ್ಕಾಬಿಕ್ಕಿಯಾಗಿ ಕೇಳಿದ್ದುಂಟು. ಆಜ್ಞೋಲ್ಲಂಘನೆ ಎಂದಿದ್ದರೆ ಅವರಿಗೆ ಅರ್ಥವಾಗುತ್ತಿತ್ತು.

‘ತಡೆಯಾಜ್ಞೆ ಸಿಕ್ಕಿತು, ಕೇಸು ಗೆದ್ದೆವು’ ಎಂದು ಬರೆಯಬಹುದೇ?

ಬರೆಯಬಾರದು. ತಡೆಯಾಜ್ಞೆ ನೀಡುವಾಗ ನ್ಯಾಯಾಲಯ ನೋಡುವುದು ಮೂರು ಸಂಗತಿಗಳನ್ನು: ಮೇಲ್ನೋಟಕ್ಕೆ ಪ್ರಕರಣವಿದೆಯೇ, ಅನುಕೂಲದ ತಕ್ಕಡಿ ಯಾರ ಕಡೆ ವಾಲುತ್ತದೆ, ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ. ‘ಮೇಲ್ನೋಟಕ್ಕೆ’ ಎಂಬ ಪದವನ್ನು ವರದಿಯಿಂದ ಕಿತ್ತುಹಾಕುವ ಸಂಪಾದಕರ ಮೇಲೆ ನನಗೆ ತಕರಾರಿದೆ. ‘ಜಮೀನು ವಾದಿಯ ಸ್ವಾಧೀನದಲ್ಲಿದೆ ಎಂದು ನ್ಯಾಯಾಲಯ ಹೇಳಿದೆ’ ಎಂಬುದಕ್ಕೂ ‘ಮೇಲ್ನೋಟಕ್ಕೆ ವಾದಿಯ ಸ್ವಾಧೀನದಲ್ಲಿರುವಂತೆ ಕಂಡುಬರುತ್ತದೆ ಎಂದು ಹೇಳಿದೆ’ ಎಂಬುದಕ್ಕೂ ನಡುವೆ ಒಂದು ಪೂರ್ತಿ ವಿಚಾರಣೆಯ ಅಂತರವಿದೆ.

ಕಾಗುಣಿತ ಮತ್ತು ಸಂಧಿಯಲ್ಲಿ ಗಮನಿಸಬೇಕಾದದ್ದೇನು?

ತಡೆ + ಆಜ್ಞೆ = ತಡೆಯಾಜ್ಞೆ, ಯಕಾರಾಗಮ. ‘ತಡೆಯಾಗ್ನೆ’ ತಪ್ಪು. ಕನ್ನಡದ ‘ತಡೆ’ಗೆ ಸಂಸ್ಕೃತದ ‘ಆಜ್ಞೆ’ಯನ್ನು ಕೂಡಿಸಿದ್ದರಿಂದ ಇದು ಅರಿಸಮಾಸವೆಂದು ಹಳೆಯ ವ್ಯಾಕರಣದ ಮೇಷ್ಟ್ರು ಮೂಗು ಮುರಿಯಬಹುದು, ಪದ ಮಾತ್ರ ಜನರ ನಾಲಗೆಯಲ್ಲಿ ಚೆನ್ನಾಗಿ ಕುಳಿತಿದೆ. ‘ತಡೆಯಾಜ್ಞೆ ಆದೇಶ’ ಎಂದು ಬರೆಯಬೇಡಿ, ಆಜ್ಞೆಯೂ ಆದೇಶವೂ ಒಂದೇ. ‘ತಡೆಯಾಜ್ಞೆಯನ್ನು ನೀಡಲ್ಪಟ್ಟಿದೆ’ ಎಂಬುದು ವ್ಯಾಕರಣಕ್ಕೆ ವಿರುದ್ಧ: ‘-ಲ್ಪಟ್ಟಿದೆ’ ಬಂದರೆ ಹಿಂದಿನ ಪದ ಪ್ರಥಮಾ ವಿಭಕ್ತಿಯಲ್ಲಿರಬೇಕು. ‘ತಡೆಯಾಜ್ಞೆ ನೀಡಲಾಗಿದೆ’ ಸಾಕು, ಯಾರು ನೀಡಿದರೆಂದು ಗೊತ್ತಿದ್ದರೆ ‘ನ್ಯಾಯಾಲಯ ತಡೆಯಾಜ್ಞೆ ನೀಡಿದೆ’ ಎಂಬುದು ಇನ್ನೂ ಮೇಲು.

ಹೈಕೋರ್ಟಿನ ಇಂಗ್ಲಿಷ್ ಆದೇಶವನ್ನು ಕನ್ನಡದಲ್ಲಿ ಬರೆಯುವಾಗ ಎಲ್ಲಿಂದ ಶುರು ಮಾಡಬೇಕು?

ಸಂವಿಧಾನದ 348ನೇ ವಿಧಿಯ ಕಾರಣ ಹೈಕೋರ್ಟಿನ ಆದೇಶ ಇಂಗ್ಲಿಷಿನಲ್ಲೇ ಬರುತ್ತದೆ. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠದಿಂದ, ರಾಯಚೂರಿನವರಿಗೆ ಕಲಬುರಗಿ ಪೀಠದಿಂದ. 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾದ ಇವು 2013ರಲ್ಲಿ ಕಾಯಂ ಆದವು. ಈ ಪೀಠಗಳು ಬರುವ ಮೊದಲು ಪ್ರತಿಗಾಗಿ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಿತ್ತು.

ಇಂಗ್ಲಿಷ್ ವಾಕ್ಯದ ಕ್ರಮವನ್ನು ಹಿಡಿದು ಹೋಗಬೇಡಿ, ಅಲ್ಲಿ ‘ತಡೆ ನೀಡಿದೆ’ ಎಂಬುದು ಮೊದಲೇ ಬರುತ್ತದೆ, ಷರತ್ತು ಬಾಲದಂತೆ ಕೊನೆಯಲ್ಲಿ ಜೋತಾಡುತ್ತದೆ. ಕನ್ನಡದಲ್ಲಿ ಷರತ್ತು ಮೊದಲು ಬರಬೇಕು, ಇಲ್ಲವಾದರೆ ಕಕ್ಷಿದಾರರು ‘ನೀಡಿದೆ’ ಎಂಬಲ್ಲಿಗೇ ಎದ್ದು ಹೋಗುತ್ತಾರೆ. ನಾನು ಇತ್ತೀಚೆಗೆ ಬರೆದುಕೊಟ್ಟ ಒಂದು ತಾತ್ಪರ್ಯದ ಮಾದರಿ, ಹೆಸರು ಮೊತ್ತಗಳನ್ನು ಬಿಟ್ಟು, ಹೀಗಿದೆ: ‘ಮೇಲ್ಮನವಿದಾರರು ಡಿಕ್ರಿಯ ಅರ್ಧ ಮೊತ್ತವನ್ನು ನಾಲ್ಕು ವಾರಗಳೊಳಗೆ ಕೆಳ ನ್ಯಾಯಾಲಯದಲ್ಲಿ ಠೇವಣಿ ಇಟ್ಟಲ್ಲಿ, ಸದರಿ ಡಿಕ್ರಿಯ ಅಮಲ್ಜಾರಿಗೆ ಮುಂದಿನ ಆದೇಶದವರೆಗೆ ತಡೆ ಇರುತ್ತದೆ, ಇಡದಿದ್ದಲ್ಲಿ ಈ ತಡೆಯು ಇರುವುದಿಲ್ಲ.’ ಇದನ್ನು ಓದಿ ಹೇಳಿದಾಗ ಆ ಕಕ್ಷಿದಾರರು ಮೊದಲು ಕೇಳಿದ್ದು ತಡೆಯ ಬಗ್ಗೆಯಲ್ಲ, ನಾಲ್ಕು ವಾರವನ್ನು ಯಾವ ದಿನದಿಂದ ಎಣಿಸಬೇಕು ಎಂದು.